ಇಡ್ಲಿ ಪಾತ್ರೆಯ ಸಮಾಧಾನಿ

ತೋಂಟದಾರ್ಯ ಮೇಷ್ಟ್ರು ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸ್ಟುಡಿಯೋದೊಳಗೆ ಬಂದಾಗ ಕಮಲಾಕ್ಷಿ ತಲೆ ಎತ್ತಲಿಲ್ಲ. ಎತ್ತಿದರೆ ಅದೇನು ಎಂದು ಕೇಳಬೇಕಾಗುತ್ತಿತ್ತು. ಕೇಳಿದರೆ ಅವರು ಹೇಳುತ್ತಿದ್ದರು.

ಕೇಳದೆಯೂ ಹೇಳಿದರು.

"ಇದರ ಹೆಸರು ಸಮಾಧಾನಿ ಕಣಮ್ಮ. ಒಳಗೆ ಇಡ್ಲಿ ತಟ್ಟೆ ಜಾಗದಲ್ಲಿ ಹಾರ್ಡ್ ಡಿಸ್ಕ್ ಜೋಡಿಸಿದೀನಿ. ತೂತು ಇರೋದ್ರಿಂದ ಬಿಸಿಯಾಗಲ್ಲ. ನಿನ್ನ ಕಂಪ್ಯೂಟರಿಂದ ಫೋಟೋ ಎಲ್ಲಾ ನೆಟ್‌ವರ್ಕಲ್ಲಿ ಇದಕ್ಕೆ ಬರ್ತವೆ. ಎರರ್ ಬಂದ್ರೆ ನಿನ್ನನ್ನ ಕೇಳಲ್ಲ. ತಾನೇ ಯೋಚನೆ ಮಾಡಿ ಸರಿ ಮಾಡ್ಕೊಳ್ಳುತ್ತೆ."

"ಬಾವ, ಹೋದ ಸಲ ನೀವು ತಂದಿದ್ದೂ ತಾನೇ ಯೋಚನೆ ಮಾಡ್ತಿತ್ತು."

"ಅದು ಮಿಕ್ಸಿ. ಅದರ ವಿಷಯ ಬೇರೆ."

ಗಂಡನ ಅಣ್ಣ ಎಂಬ ಗೌರವಕ್ಕೆ ಕಮಲಾಕ್ಷಿ ಮೇಜಿನ ಮೇಲೆ ಜಾಗ ಮಾಡಿಕೊಟ್ಟಳು. ಮೇಷ್ಟ್ರು ಐಟಿಐಯಿಂದ ನಿವೃತ್ತರಾದ ಮೇಲೆ ಸ್ಟುಡಿಯೋದ ಮಹಡಿಯಲ್ಲೇ ಇದ್ದರು. ಅಲ್ಲಿಂದ ಇಳಿದು ಬಂದ ಯಾವ ಯಂತ್ರವೂ ಇದುವರೆಗೆ ಅವಳ ಕೆಲಸವನ್ನು ಕಡಿಮೆ ಮಾಡಿರಲಿಲ್ಲ. ಆದರೆ ಈ ಹೊತ್ತು ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ಕಂಪ್ಯೂಟರ್ ಒಳಗಿನಿಂದ ಟಕ್ ಟಕ್ ಎನ್ನುತ್ತಿತ್ತು. ಯಾವ ಫೋಟೋ ತೆರೆದರೂ ಮೇಲಿನ ಅರ್ಧ ಮಾತ್ರ ಕಾಣಿಸಿ ಕೆಳಗೆ ಬರೀ ಬೂದು ಬಣ್ಣ. ಫೋಟೋಗಳು ಒಳಗೆ ಪೂರ್ತಿ ಇವೆ, ತೋರಿಸುವ ಶಕ್ತಿ ಇದಕ್ಕಿಲ್ಲ, ಒಮ್ಮೆ ಆಫ್ ಮಾಡಿದರೆ ಮತ್ತೆ ಆನ್ ಆಗುವುದಿಲ್ಲ ಎಂದು ರಿಪೇರಿಯವನು ಕೈಚೆಲ್ಲಿ ಹೋಗಿದ್ದ.

ಹಳೆಯ ಮದುವೆಗಳದ್ದು ಚಿಂತೆಯಿಲ್ಲ, ಆಲ್ಬಮ್ ಕೊಟ್ಟಾಗಿತ್ತು. ಚಿಂತೆ ಇದ್ದದ್ದು ಕೊನೆಯ ಮದುವೆಯದು, ಅದರಲ್ಲೂ ಒಂದೇ ಒಂದು ಫೋಟೋದ್ದು. ಮದುವೆ ಹುಡುಗಿಯ ಅಜ್ಜಿ ಗುರುಸಿದ್ದಮ್ಮ ಮದುವೆಯಾದ ವಾರದಲ್ಲೇ ತೀರಿಕೊಂಡಿದ್ದರು. ನಾಳಿದ್ದು ಅವರ ಶಿವಗಣಾರಾಧನೆ, ತಿಥಿಗೆ ಇಡಲು ಫೋಟೋ ಬೇಕಿತ್ತು. ಜೀವಮಾನವಿಡೀ ಕ್ಯಾಮರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದ ಮುದುಕಿ, ಊಟದ ಮನೆಯಲ್ಲಿ ಬಡಿಸುವವನ ಕೈಯಿಂದ ಹೋಳಿಗೆ ತಟ್ಟೆ ಕಿತ್ತುಕೊಂಡು ಬಾಯ್ತುಂಬ ನಕ್ಕಾಗ ಕಮಲಾಕ್ಷಿಯ ಗಂಡ ಪಾಲಾಕ್ಷ ಫೋಟೋ ಹೊಡೆದಿದ್ದ.

ಅಜ್ಜಿಯ ಮಗಳು ಸರ್ವಮಂಗಳ ಬೆಳಿಗ್ಗೆಯೇ ಬಂದು ಕೂತು ಅತ್ತು ಹೋಗಿದ್ದಳು. "ರೇಷನ್ ಕಾರ್ಡಿನ ಫೋಟೋ ಹಾಕಿದ್ರೆ ಅವ್ವ ಬಂದೋರನ್ನೆಲ್ಲಾ ಬೈತಾ ಕೂತಂಗೆ ಕಾಣುತ್ತೆ ಕಣ್ರೀ. ಆ ನಗೋದು ಹೆಂಗಾದ್ರೂ ಮಾಡಿ ತೆಗೆದುಕೊಡಿ. ಸಾಯಂಕಾಲ ಬರ್ತೀನಿ."

ಕಮಲಾಕ್ಷಿ ವಾರದಿಂದ ಹೆಣಗಿದ್ದಳು. ಫೋಟೋ ಕೂಡಿಡಲೆಂದು ಅಂಗಡಿಯಿಂದ ತಂದ ನೆಟ್‌ವರ್ಕ್ ಪೆಟ್ಟಿಗೆಗೆ ಕಾಪಿ ಮಾಡಲು ಹೋದರೆ ಪ್ರತಿ ಸಲವೂ ಎರರ್. ವೈರ್ ಬದಲಾಯಿಸಿದಳು, ಪಾಸ್‌ವರ್ಡ್ ಬದಲಾಯಿಸಿದಳು, ಮೇಜನ್ನೇ ಸರಿಸಿ ನೋಡಿದಳು. ಅದು ಮಾತ್ರ ಹೆಸರು ಉದ್ದವಾಯಿತು ಎಂಬ ಒಂದೇ ರಾಗ ಹಾಡಿತು. ಸಾಕುಸಾಕಾಗಿ ಅವಳು ಅದನ್ನು ಕಪಾಟಿಗೆ ಎಸೆದಿದ್ದಳು.

"ಮೊದಲು ಕೊನೇ ಮದುವೆ ಕಾಪಿ ಮಾಡಿ ಬಾವ."

"ಆಗಲ್ಲಮ್ಮ. ಹಿರಿಯರಿಗೆ ಮೊದಲ ಮರ್ಯಾದೆ ಅಂತ ಕಲಿಸಿದೀನಿ. ಹಳೇ ಮದುವೆಯಿಂದಲೇ ಶುರು ಮಾಡೋದು."

ಮೇಷ್ಟ್ರು ಗುಂಡಿ ಒತ್ತಿದರು. ಪಾತ್ರೆ ಅವರದೇ ತರಗತಿಯ ದನಿಯಲ್ಲಿ ಮಾತಾಡಿತು. "ಹೆಸರು ಉದ್ದವಾಯಿತು. ಬಾಲ ಕತ್ತರಿಸಲಾಗಿದೆ. ಮುಂದಿನದು ಬರಲಿ."

ಮೇಷ್ಟ್ರ ಮೀಸೆ ಅರಳಿತು. "ನೋಡಿದ್ಯಾ? ನೀನು ವಾರ ಒದ್ದಾಡಿದ್ದನ್ನ ಇದು ಚಿಟಿಕೆ ಹೊಡೆಯೋದ್ರಲ್ಲಿ ಮುಗಿಸ್ತು."

ಒಂದು ಗಳಿಗೆ ಕಮಲಾಕ್ಷಿಗೂ ಹಾಗೇ ಅನ್ನಿಸಿತು. ಕಾಪಿಯಾದ ಫೋಟೋಗಳನ್ನು ಪಾತ್ರೆಗೆ ಜೋಡಿಸಿದ್ದ ಹಳೆಯ ಟಿವಿಯಲ್ಲಿ ನೋಡಿದಳು. ನೊಣವಿನಕೆರೆಯ ವಧುವಿನ ಕಿವಿಯಲ್ಲಿ ನಾಲ್ಕು ಜುಮುಕಿಗಳಿದ್ದವು. ಮೂಗು ತುರುವೇಕೆರೆಯ ವಧುವಿನದು. ಪಕ್ಕದ ವರನಿಗೆ ಎರಡು ಬಾಸಿಂಗ, ಒಂದೂವರೆ ಮೀಸೆ.

"ಬಾವ, ಇವನು ಯಾರು?"

ಮೇಷ್ಟ್ರು ಕನ್ನಡಕ ಏರಿಸಿದರು. "ಇಬ್ಬರೂ ಇದ್ದ ಹಾಗಿದಾರೆ."

ಕಮಲಾಕ್ಷಿಗೆ ಎಲ್ಲಿ ಎಡವಟ್ಟಾಯಿತೆಂದು ಹೊಳೆಯಿತು. ತಪ್ಪು ಪಾತ್ರೆಯದಲ್ಲ, ಸ್ಟುಡಿಯೋದ ಮರ್ಯಾದೆಯದು. ಒಮ್ಮೆ ಫೋಲ್ಡರಿನ ಮೇಲೆ ತಮ್ಮ ಬರೀ ಹೆಸರು ಕಂಡ ಬೀಗರೊಬ್ಬರು, ಹಿಂದೆ ಶ್ರೀಮಾನ್ ಇಲ್ಲ, ಮುಂದೆ ಊರಿಲ್ಲ, ನಾವೇನು ಬೀದಿಗೆ ಬಿದ್ದವರೇ ಎಂದು ರಂಪ ಮಾಡಿದ್ದರು. ಅಂದಿನಿಂದ ಪಾಲಾಕ್ಷ ಪ್ರತಿ ಫೋಲ್ಡರಿಗೂ ಲಗ್ನಪತ್ರಿಕೆಯನ್ನೇ ಹೆಸರಾಗಿ ಇಡುತ್ತಿದ್ದ. ದೇವರು, ಗುರುಗಳು, ಕೃಪಾಶೀರ್ವಾದ, ತಾಲ್ಲೂಕು, ಅಜ್ಜ, ಅಪ್ಪ ಎಲ್ಲ ಮುಗಿದು ಕೊನೆಗೆ ಗಂಡು ಹೆಣ್ಣಿನ ಹೆಸರು. ಬಾಲ ಕತ್ತರಿಸಿದರೆ ಉಳಿಯುವುದು ದೇವರು ಮತ್ತು ಗುರುಗಳು. ಅದು ಎಲ್ಲರ ಪತ್ರಿಕೆಯಲ್ಲೂ ಒಂದೇ. ಹಾಗಾಗಿ ಎಲ್ಲ ಮದುವೆಯೂ ಒಂದೇ ಫೋಲ್ಡರಿಗೆ ಹೋಗಿ ಬೀಳುತ್ತಿತ್ತು. ಕ್ಯಾಮರಾ ಕೊಡುವ ನಂಬರುಗಳೂ ಪ್ರತಿ ಮದುವೆಯಲ್ಲಿ ಮತ್ತೆ ಒಂದರಿಂದಲೇ ಶುರು.

"ಒಂದೇ ಹೆಸರಿನ ಫೋಟೋ ಎರಡು ಬಂದ್ರೆ ಒಂದನ್ನ ಅಳಿಸ್ಲಾ ಅಂತ ಕೇಳ್ಬೇಕಲ್ವಾ?"

"ಒಬ್ಬರನ್ನ ಅಳಿಸಿದ್ರೆ ಅವರಿಗೆ ನೋವಾಗಲ್ವೇನಮ್ಮ? ಅದಕ್ಕೇ ಇಬ್ಬರನ್ನೂ ಬೆರೆಸಿ ಸಮಾಧಾನ ಮಾಡೋ ಹಾಗೆ ಮಾಡಿದೀನಿ."

"ನಿಲ್ಲಿಸಿ ಬಾವ. ಅಜ್ಜಿ ಫೋಟೋನೂ ಹಾಳಾಗುತ್ತೆ."

"ನಿಲ್ಲಿಸೋ ಗುಂಡಿ ಇಟ್ಟಿಲ್ಲ. ಯಾರಾದ್ರೂ ಒತ್ತಿಬಿಟ್ರೆ ಅಂತ."

ಕಮಲಾಕ್ಷಿ ಪ್ಲಗ್ ಕಿತ್ತಳು. ಪಾತ್ರೆ ತಳದಲ್ಲಿದ್ದ ಸ್ಕೂಟರ್ ಬ್ಯಾಟರಿಯ ಮೇಲೆ ನಡೆಯಿತು. ನೆಟ್‌ವರ್ಕ್ ವೈರ್ ಕಿತ್ತಳು. ಅದು ವೈಫೈ ಹಿಡಿಯಿತು. ಪ್ರತಿ ಸಲವೂ ಮೇಷ್ಟ್ರು ಹೆಮ್ಮೆಯಿಂದ ತಲೆಯಾಡಿಸಿದರು. ಇನ್ನು ಕಂಪ್ಯೂಟರನ್ನೇ ಆಫ್ ಮಾಡಿದರೆ ಅಜ್ಜಿ ಒಳಗೇ ಉಳಿದುಬಿಡುತ್ತಾರೆ.

"ಇನ್ನೈದು ನಿಮಿಷ," ಎಂದಿತು ಪಾತ್ರೆ. ಶುರುವಿನಿಂದಲೂ ಅದು ಹಾಗೇ ಹೇಳುತ್ತಿತ್ತು.

ಮದುವೆಗಳು ಒಂದೊಂದಾಗಿ ಕರಗುತ್ತಿದ್ದವು. ಕಮಲಾಕ್ಷಿಗೆ ಅಳು ಬಂತು, ಅಳಲು ಪುರುಸೊತ್ತಿರಲಿಲ್ಲ. ಟಕ್ ಟಕ್ ಎನ್ನುವ ಕಂಪ್ಯೂಟರಿನ ಮುಂದೆ ಕೂತು ಕೊನೆಯ ಫೋಲ್ಡರ್ ಹುಡುಕಿದಳು. ಅಜ್ಜಿಯ ಫೋಟೋವನ್ನು ಅದರಿಂದ ಈಚೆ ಎಳೆದು ಹೊಸ ಫೋಲ್ಡರಿನಲ್ಲಿ ಹಾಕಿದಳು. ಕಂಪ್ಯೂಟರ್ ಫೋಲ್ಡರಿಗೆ ಹೆಸರು ಕೇಳಿತು. ಕೈ ಅಭ್ಯಾಸಬಲದಿಂದ ಶ್ರೀಮತಿ ಎಂದು ಶುರುಮಾಡಿತು. ಅವಳು ಅದನ್ನು ಅಳಿಸಿದಳು.

"ತಪ್ಪು ತಿಳ್ಕೋಬೇಡಿ ಅಜ್ಜಿ," ಎಂದು ಮೆಲ್ಲಗೆ ಹೇಳಿ, ಬರೀ 'ಅಜ್ಜಿ' ಎಂದು ಬರೆದಳು.

"ಹೆಸರು ಸರಿಯಾಗಿದೆ," ಎಂದಿತು ಪಾತ್ರೆ, ಸ್ವಲ್ಪ ಆಶ್ಚರ್ಯದಿಂದ. "ಎರರ್ ಇಲ್ಲ."

ಟಿವಿಯಲ್ಲಿ ಗುರುಸಿದ್ದಮ್ಮ ಅಡಿಯಿಂದ ಮುಡಿಯವರೆಗೆ ಪೂರ್ತಿ ನಗುತ್ತಾ ನಿಂತಿದ್ದರು, ಕೈಯಲ್ಲಿ ಹೋಳಿಗೆ ತಟ್ಟೆ. ಅದೇ ಕ್ಷಣಕ್ಕೆ ಕಂಪ್ಯೂಟರ್ ಕೊನೆಯ ಟಕ್ ಎಂದು ಸತ್ತಿತು. ಕಮಲಾಕ್ಷಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಅಷ್ಟು ಸುಸ್ತಾಗಿ ಅವಳು ಎಂದೂ ಗೆದ್ದಿರಲಿಲ್ಲ.

"ಈಗ ಕೊನೇ ತಪಾಸಣೆ," ಎಂದಿತು ಪಾತ್ರೆ.

"ಅದೇನು ಬಾವ?"

"ಮಾಡಿದ್ದನ್ನೆಲ್ಲಾ ಇನ್ನೊಂದು ಸಲ ನೋಡಿ, ತಪ್ಪಿರೋದನ್ನ ಸರಿ ಇರೋದ್ರ ಹಾಗೆ ತಿದ್ದುತ್ತೆ."

"ಸರಿ ಇರೋದು ಒಂದೇ ಫೋಟೋ ಅಲ್ವಾ?"

ಮೇಷ್ಟ್ರು ಉತ್ತರ ಕೊಡುವ ಮೊದಲೇ ಟಿವಿಯ ಪರದೆ ಬದಲಾಗತೊಡಗಿತು. ಬೆರೆತುಹೋಗಿದ್ದ ಮುಖಗಳೆಲ್ಲ ಒಂದೊಂದಾಗಿ ಅಜ್ಜಿಯ ಮುಖವಾದವು. ಅಜ್ಜಿ ಪೇಟ ಸುತ್ತಿಕೊಂಡು ಅಜ್ಜಿಗೇ ತಾಳಿ ಕಟ್ಟುತ್ತಿದ್ದರು. ಅಜ್ಜಿಯೇ ಮಂತ್ರ ಹೇಳುತ್ತಿದ್ದರು, ಅಜ್ಜಿಯೇ ವಾಲಗ ಊದುತ್ತಿದ್ದರು. ವಾಲಗದವನ ಕೆನ್ನೆ ಉಬ್ಬಿದ್ದರೂ ಬಾಯಿ ನಗುತ್ತಿತ್ತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಸರ್ವಮಂಗಳ ಒಳಗೆ ಬಂದು ಪರದೆಯ ಮುಂದೆ ನಿಂತಳು. ಕಮಲಾಕ್ಷಿ ಕುರ್ಚಿಯಿಂದ ಎದ್ದಳು.

"ಅಕ್ಕಾ, ನಿಮ್ಮ ಅವ್ವನ ಫೋಟೋ ಬೇರೆ ಇದೆ, ಚೆನ್ನಾಗಿದೆ. ಇದೇನೋ ಯಂತ್ರ ಕೆಟ್ಟು..."

"ಇರಿ," ಎಂದಳು ಸರ್ವಮಂಗಳ.

ಪರದೆಯಲ್ಲಿ ಊಟದ ಪಂಕ್ತಿ ಬಂದಿತ್ತು. ಬಾಳೆಲೆಯ ಮುಂದೆ ಸಾಲಾಗಿ ಕೂತವರೆಲ್ಲ ಅಜ್ಜಿ. ಹೋಳಿಗೆ ಬಡಿಸುತ್ತಾ ಬಗ್ಗಿದವರೂ ಅಜ್ಜಿ.

ಸರ್ವಮಂಗಳ ತುಂಬ ಹೊತ್ತು ನೋಡಿದಳು. "ಎಷ್ಟು ಮದುವೆಗೆ ಹೋದ್ರೂ ಅವ್ವ ಕೂತು ಉಂಡಿದ್ದನ್ನ ನಾನು ನೋಡೇ ಇಲ್ಲ. ಎಲ್ಲಾರಿಗೂ ಬಡಿಸಿ, ಕೊನೇಲಿ ಅಡುಗೆಮನೆ ಮೂಲೇಲಿ ನಿಂತು ತಿಂದುಬಿಡೋಳು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ವನ್ನ ಕೂರಿಸಿ ಬಡಿಸೋಕೆ ಅವ್ವನೇ ಬೇಕಾಯ್ತು ನೋಡಿ. ನಂಗೆ ಇದನ್ನೇ ಫ್ರೇಮ್ ಹಾಕಿಕೊಡಿ."

ಹಿಂದಿನಿಂದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಮಿಕ್ಸಿನೂ ಒಂದು ಸಲ ಇಳಿಸಿಕೊಂಡು ಬರ್ಲೇನಮ್ಮ?"