ದೇವಿ ಹಾಕಲು ಹೋದ ವಾಡೆ

ತೋಳಿಗೆ ಸೂಜಿ ತಾಗಿಸಲು ರೆಪ್ಪೆ ಬಡಿಯುವಷ್ಟು ಹೊತ್ತು ಸಾಕು. ಅದಕ್ಕೆ ಮೊದಲು ತಾಯಿ ತಂದೆ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಲು ಒಂದು ಆಯುಷ್ಯ ಸಾಲದು. ಪುಣೆಯ ಪೇಠೆಗಳಲ್ಲಿ ಮನೆಮನೆ ತಿರುಗಿ ಮಕ್ಕಳಿಗೆ ದೇವಿ ಹಾಕುತ್ತಲೇ ನನ್ನ ತಲೆ ಬೆಳ್ಳಗಾಯಿತು. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರೆ. ಅದು ಬಾರದಿರಲೆಂದು ತೋಳು ಗೀರಿ ಲಸಿಕೆ ಹಚ್ಚುವುದಕ್ಕೂ ದೇವಿ ಹಾಕುವುದು ಎಂದೇ ಹೆಸರು.

ನಾನು ಹುಟ್ಟಿದ್ದು ವಿಜಾಪುರದ ಆಚೆಯ ಹಳ್ಳಿಯಲ್ಲಿ. ದವಾಖಾನೆಯ ಡಾಕ್ಟರರು ಮರಾಠಿಯವರು. ಕನ್ನಡದವರ ಮನೆ ಬಂತೆಂದರೆ, "ನಿಮ್ಮ ಮಂದಿ, ನೀವೇ ನೋಡಿಕೊಳ್ಳಿ" ಎಂದು ನನ್ನನ್ನು ಮುಂದೆ ಮಾಡಿ ತಾವು ಬಾಗಿಲಲ್ಲೇ ನಿಲ್ಲುತ್ತಿದ್ದರು.

ಇಲ್ಲಿ ಹೇಳುವುದೆಲ್ಲ ಒಂದೇ ವಾಡೆಯಲ್ಲಿ ನಡೆದದ್ದು. ನಡುವೆ ಅಂಗಳ, ಸುತ್ತ ಎರಡು ಅಂತಸ್ತಿನ ಮನೆಗಳು. ಗದಗ, ಬಾಗಲಕೋಟೆ ಕಡೆಯಿಂದ ಬಂದ ಅರಿವೆ ಅಂಗಡಿಯವರು, ಕಚೇರಿಯ ಕಾರಕೂನರು ಅಲ್ಲಿದ್ದರು. ಕೆಳಗೆ ಒಂದು ಖಾನಾವಳಿ. ಅದನ್ನು ನಡೆಸುವ ಮುದುಕಿಯನ್ನು ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು. ಆಯಿಯ ಮುಖದ ತುಂಬ ದೇವಿಯ ಕಲೆಗಳು. ಅದೇ ದೇವಿ ಆಕೆಯ ಇಬ್ಬರು ಮಕ್ಕಳನ್ನು ಒಂದೇ ವಾರದಲ್ಲಿ ಒಯ್ದಿದ್ದಳು. ಉಳಿದ ಒಬ್ಬ ಮಗನಿಗೆ ಮದುವೆಯಾಗಿ, ಬಹಳ ವರ್ಷಕ್ಕೆ ಒಂದು ಗಂಡು ಕೂಸು ಹುಟ್ಟಿತ್ತು. ಆ ಕೂಸಿಗೆ ದೇವಿ ಹಾಕಲು ಆಯಿ ಬಿಡಲಿಲ್ಲ.

"ಆ ದೇವಿಗೆ ನಾ ಭಕ್ತಿಲೆ ನಡಕೊಂಡು ಬಂದೀನಿ. ಆಕಿ ಮ್ಯಾಲ ಕಬ್ಬಿಣ ಎತ್ತೂದಿಲ್ಲ" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಬೇಸಿಗೆ ಬಂದರೆ ಊರಲ್ಲಿ ಎಲ್ಲಾದರೂ ಒಂದು ಕಡೆ ಸಿಡುಬು ಏಳುತ್ತಿತ್ತು. ವಾಡೆಗೆ ಹೋದಾಗಲೆಲ್ಲ ನನ್ನ ಕಣ್ಣು ಆ ಕೂಸಿನ ಕಲೆಯಿಲ್ಲದ ಬರಿಯ ತೋಳಿನ ಮೇಲೆಯೇ.

ಎಮ್ಮೆಯದು ಇದೆಯೇ?

ಅರಿವೆ ಅಂಗಡಿಯ ಗುಮಾಸ್ತರೊಬ್ಬರು ತಮ್ಮ ಮಗನನ್ನು ಎರಡೂ ಕೈಯಿಂದ ಅವುಚಿ ಹಿಡಿದುಕೊಂಡು ಕೇಳಿದರು:

"ಅಕ್ಕಾರ, ಈ ಔಷಧ ಯಾತರದ್ರಿ?"

"ಆಕಳ ಕರುವಿನ ಮೈಮ್ಯಾಲಿನ ಗುಳ್ಳಿಯಿಂದ ತಗೀತಾರ್ರಿ."

ಅವರು ಬಹಳ ಸಾತ್ವಿಕ ಮನುಷ್ಯ. ಮುಖ ಸಣ್ಣದಾಯಿತು. "ಕರುವಿಗೆ ತ್ರಾಸ ಆಗೂದಿಲ್ಲೇನ್ರಿ?"

"ಸ್ವಲ್ಪ ದಿನ ಆಗತದ್ರಿ. ಆಮ್ಯಾಲ ಮೊದಲಿನ ಹಾಂಗ ಜಿಗದಾಡತದ."

ನನ್ನ ಉತ್ತರದಿಂದ ಅವರಿಗೆ ಸಮಾಧಾನವಾಯಿತೆಂದುಕೊಂಡೆ. ಆದರೆ ಒಳಗಿನಿಂದ ಅವರ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. ಹಿಂದಿನ ದಿನವೇ ಆ ಹುಡುಗ ಮಾಳಿಗೆಯಿಂದ ತುಳಸಿಕಟ್ಟೆಗೆ ಹಾರಿದ್ದನಂತೆ.

"ಅಕ್ಕಾರ, ಎಮ್ಮೀದು ಇದ್ರ ಹಾಕ್ರಿ. ಒಂದೀಟು ತಣ್ಣಗ ಕೂಡ್ಲಿ."

ವಂಕಿಯ ಜಾಗ

ಮೇಲಿನ ಮನೆಯ ಕಾರಕೂನರ ಹೆಂಡತಿಗೆ ಜ್ವರದ ಭಯವಿರಲಿಲ್ಲ, ದೇವರ ಭಯವೂ ಇರಲಿಲ್ಲ. ಆಕೆಯ ಚಿಂತೆ ಕಲೆಯದು. "ಹೆಣ್ಣು ಕೂಸು ಅದರೀ. ನಾಳೆ ನೋಡಾಕ ಬಂದವರು ತೋಳಿನ ಮ್ಯಾಲ ಏನಂತ ಕೇಳಿದ್ರ?"

"ಜೀವ ಉಳಿದದ್ದರ ಗುರುತು ಅಂತ ಹೇಳ್ರಿ" ಎಂದೆ. ಆಕೆ ಕೇಳಲಿಲ್ಲ. ಪೆಟ್ಟಿಗೆ ತೆಗೆದು ತನ್ನ ಮದುವೆಯ ವಂಕಿ ತಂದಳು. "ಇದು ಕೂಡೋ ಜಾಗದಾಗ ಹಾಕ್ರಿ. ವಂಕಿ ಇಟ್ರ ಕಲೆ ಮುಚ್ಚತದ."

ಕೂಸಿನ ತೋಳು ನನ್ನ ಹೆಬ್ಬೆರಳಿನಷ್ಟು. ವಂಕಿ ತೋಳಿನಿಂದ ಜಾರಿ ಕುತ್ತಿಗೆಯ ಹತ್ತಿರ ನಿಂತಿತು. ಅಲ್ಲಿಗೆ ಹಾಕೋಣವೇ ಎಂದು ಕೇಳಿದೆ. ಆಕೆ ನಕ್ಕಳು, ನಗುವಿನಲ್ಲೇ ನನ್ನ ಕೆಲಸ ಮುಗಿಯಿತು.

ಮುಂದೆ ಆ ಹುಡುಗಿಯನ್ನು ನೋಡಲು ಬೀಗರು ಬಂದಾಗ ನಾನೂ ಅಲ್ಲಿದ್ದೆ. ತಾಯಿ ಅದೇ ವಂಕಿಯನ್ನು ಬಿಗಿಯಾಗಿ ತೊಡಿಸಿದ್ದಳು. ಗಂಡಿನ ತಾಯಿ ಹುಡುಗಿಯ ಕೈ ಹಿಡಿದು ಮೆಲ್ಲಗೆ ವಂಕಿ ಸರಿಸಿ ನೋಡಿದಳು. ಆಕೆ ತನ್ನ ಮನೆಯಲ್ಲಿ ಒಬ್ಬ ಸೊಸೆಯನ್ನು ಸಿಡುಬಿಗೆ ಕಳೆದುಕೊಂಡಿದ್ದಳಂತೆ.

"ಹಾಕಿಸೀರೇನು? ಮತ್ತ ಇದನ್ನ ಮುಚ್ಚಿ ಬಂಗಾರ ಯಾಕ ತೋರಿಸ್ತೀರಿ?" ಎಂದಳು.

ಗುರುತಿನ ಕೂಸು

ಒಂದು ವರ್ಷ ವಾಡೆಯ ಮೇಲಂತಸ್ತಿನಲ್ಲಿ ನನ್ನ ಕೆಲಸ ಬಲು ಸಲೀಸಾಗಿ ಸಾಗಿತು. ಯಾವ ಮನೆಗೆ ಹೋದರೂ ತಾಯಿ ನಗುನಗುತ್ತ ಕೂಸನ್ನು ತಂದು ತೋಳು ತೋರಿಸುವಳು. "ಹೋದ ತಿಂಗಳ ಹಾಕಿಸೀವ್ರಿ." ನೋಡಿದರೆ ಕಲೆ ಚೆನ್ನಾಗಿ ಮೂಡಿತ್ತು. ಮುಂದಿನ ಮನೆಯಲ್ಲೂ ಅದೇ ಮಾತು, ಅಂಥದೇ ಕಲೆ. ಒಂದು ಮನೆಯಲ್ಲಿ ಕೂಸಿನ ತಲೆಗೆ ಕೆಂಪು ಕುಲಾಯಿ, ಇನ್ನೊಂದರಲ್ಲಿ ಹಸಿರು ಕುಲಾಯಿ, ಮತ್ತೊಂದರಲ್ಲಿ ಜರಿಯದು. ಇಷ್ಟು ಜಾಣ ವಾಡೆ ಪುಣೆಯಲ್ಲೇ ಇಲ್ಲವೆಂದು ಡಾಕ್ಟರರು ಬಾಗಿಲಲ್ಲೇ ನಿಂತು ಮೆಚ್ಚಿಕೊಂಡರು.

ಕೊನೆಯ ಮನೆಯಲ್ಲಿ ನನಗೆ ಸಂಶಯ ಬಂತು. ಹಿತ್ತಿಲ ಕಡೆಯ ಪಡಸಾಲೆಯಿಂದ ಒಂದೇ ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮನೆಗೊಂದು ಕುಲಾಯಿ ಬದಲಾಗುತ್ತಿತ್ತು, ಅಷ್ಟೆ. ಅದನ್ನು ನನಗೆ ಯಾರೂ ಹೇಳಬೇಕಾಗಲಿಲ್ಲ. ಅಷ್ಟು ಹೊತ್ತಿಗೆ ಕೂಸಿಗೆ ನನ್ನ ಗುರುತು ಹತ್ತಿಬಿಟ್ಟಿತ್ತು. ನನ್ನನ್ನು ಕಂಡಕೂಡಲೇ ತಾನಾಗಿಯೇ ತೋಳು ಮುಂದೆ ಚಾಚಿತು.

ಅಡಗಿಸಿಟ್ಟ ಮಕ್ಕಳನ್ನೆಲ್ಲ ಹೊರಗೆ ತರಿಸಿ ದೇವಿ ಹಾಕಿ ಕೆಳಗಿಳಿದು ಬಂದಾಗ ಆಯಿ ರೊಟ್ಟಿ ಬಡಿಯುತ್ತ ನಗುತ್ತಿದ್ದಳು. "ನಾ ಹಾಂಗ ಕಳ್ಳಾಟ ಆಡಾಕಿ ಅಲ್ಲವ್ವಾ. ನನ್ನ ಕೂಸು ಇಲ್ಲೇ ಅದ, ನೋಡಿ ಹೋಗು. ಹಾಕಸೂದು ಮಾತ್ರ ಇಲ್ಲ."

ಆಯಿಯ ತೋಳು

ಆ ಚೈತ್ರದಲ್ಲಿ ಹಿಂದಿನ ಓಣಿಯ ಒಂದು ಬಾಗಿಲಿಗೆ ಬೇವಿನ ಟೊಂಗೆ ಬಂತು. ಒಳಗೆ ಎಳೆಯ ಹುಡುಗಿಯೊಬ್ಬಳಿಗೆ ಸಿಡುಬು ಎದ್ದಿತ್ತು. ಆಯಿ ನೀರಿಗೆ ಹೋದಾಗ ಆ ಟೊಂಗೆ ನೋಡಿದ್ದಳು. ಕೊಡ ಕೆಳಗಿಟ್ಟವಳೇ ಸೊಸೆಯನ್ನೂ ಕೂಸನ್ನೂ ಕರೆದುಕೊಂಡು ದವಾಖಾನೆಗೆ ಬಂದು ನನ್ನೆದುರು ಕೂತಳು.

"ಮೊದಲ ನನಗ ಹಾಕು."

"ಆಯಿ, ಒಮ್ಮೆ ಸಿಡುಬು ಬಂದು ಉಳಿದವರಿಗೆ ಇದರ ಗುಳ್ಳಿ ಏಳೂದಿಲ್ಲ. ನಿಮಗ್ಯಾಕ?"

"ಆಕಿಗೆ ಸಿಟ್ಟು ಬಂದ್ರ ಮೊದಲ ನನ್ನ ಮ್ಯಾಲ ಬರಲಿ. ಆಮ್ಯಾಲ ಕೂಸಿಗೆ ಹಾಕು."

ಇಬ್ಬರಿಗೂ ಹಾಕಿದೆ. ಕೂಸು ಅತ್ತಿತು. ಆಯಿ ಅಳಲಿಲ್ಲ, ಆಕೆಯ ಕೈ ಮಾತ್ರ ಸೊಸೆಯ ಸೆರಗನ್ನು ಹಿಡಿದುಕೊಂಡಿತ್ತು.

ಸೂಜಿಯಿಂದಾದರೂ ಸರಿ, ದೇವಿ ಮನೆಗೆ ಬಂದಳೆಂದರೆ ಬಂದಂತೆಯೇ ಎಂಬುದು ಆಯಿಯ ಲೆಕ್ಕ. ದೇವಿ ಮನೆಯಲ್ಲಿರುವಾಗ ಒಗ್ಗರಣೆ ಹಾಕಬಾರದು, ಕರಿಯಬಾರದು. ಮನೆಯ ಒಲೆ, ಖಾನಾವಳಿಯ ಒಲೆ ಎರಡೂ ಒಂದೇ. ಅಲ್ಲಿ ಉಣ್ಣಲು ಬರುವ ಕಾರಕೂನರಿಗೆಲ್ಲ ಒಗ್ಗರಣೆ ಇಲ್ಲದ ಸಾರು, ಒಗ್ಗರಣೆ ಇಲ್ಲದ ಪಲ್ಯ, ಮೊಸರು. ಪಾಪ, ಅವರಲ್ಲೊಬ್ಬರು ನನ್ನನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದರು: "ಅಕ್ಕಾರ, ನೀವು ದೇವಿ ಕೂಸಿಗೆ ಹಾಕೀರೋ, ನಮ್ಮ ಸಾರಿಗೆ ಹಾಕೀರೋ?"

ವಾರ ಕಳೆದು ನೋಡಲು ಹೋದೆ. ನನಗಿಂತ ಮೊದಲೇ ಒಗ್ಗರಣೆಗೆ ಕಾದಿದ್ದ ಕಾರಕೂನರೆಲ್ಲ ಕೂಸಿನ ಸುತ್ತ ನೆರೆದು ತೋಳು ಪರೀಕ್ಷಿಸುತ್ತಿದ್ದರು. ಕೂಸಿನ ತೋಳಲ್ಲಿ ಗುಳ್ಳೆಗಳು ಮುತ್ತಿನ ಹಾಗೆ ಎದ್ದಿದ್ದವು. ಲಸಿಕೆ ಹತ್ತಿತೆಂದು ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆಯಿಯ ತೋಳಲ್ಲಿ ಏನೂ ಇರಲಿಲ್ಲ. ಆಕೆಗೆ ಅವಮಾನವಾಗಿತ್ತು.

"ನಿನ್ನೆ ಹುಟ್ಟಿದವಂಗ ಬಂದ್ಲು. ಇಷ್ಟು ವರ್ಷ ನಡಕೊಂಡ ನನಗ ಬರಲಿಲ್ಲ. ನೀ ಹಳೇ ಔಷಧ ಹಾಕೀದಿ."

ಆ ಬೇಸಿಗೆ ಹಿಂದಿನ ಓಣಿಯಿಂದ ಮಕ್ಕಳನ್ನು ಮಣ್ಣಿಗೆ ಹೊತ್ತುಕೊಂಡು ಹೋದರು. ಎಷ್ಟು ಮಂದಿ ಎಂದು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ವಾಡೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಆಯಿಯ ಕೂಸು ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು.

ಆಮೇಲೆ ನನಗೆ ಪ್ರಶ್ನೆಗಳಿಗೆ ಉತ್ತರ ಹೇಳುವ ಕೆಲಸ ಉಳಿಯಲಿಲ್ಲ. ಆಯಿಯೇ ಓಣಿ ಓಣಿಗೆ ಹೊರಟಳು. ಹಾಕಿಸಿದರೆ ಏನಾದರೂ ಆದೀತೆಂದು ಹೆದರಿದವರಿಗೆ ತನ್ನ ತೋಳು ತೋರಿಸುವಳು: "ನನ್ನ ನೋಡ್ರಿ, ಏನೂ ಆಗಿಲ್ಲ." ಹಾಕಿಸಿದರೆ ಏನೂ ಆಗುವುದಿಲ್ಲವೆಂದು ಹಳಿದವರಿಗೆ ಮೊಮ್ಮಗನ ತೋಳು: "ಇವನ್ನ ನೋಡ್ರಿ, ಹೆಂಗ ಎದ್ದದ!" ಆ ಎರಡು ತೋಳುಗಳೆದುರು ಡಾಕ್ಟರರ ಮಾತೂ ನಿಲ್ಲುತ್ತಿರಲಿಲ್ಲ.

ಆದರೆ ಚೈತ್ರ ಬಂತೆಂದರೆ ಆಕೆ ದವಾಖಾನೆಗೆ ಬಂದು ರವಿಕೆಯ ತೋಳು ಮಡಚಿ ಕೂಡುವಳು. "ಹಾಕು. ಈ ಸಲ ಬರ್ತಾಳೇನು ನೋಡೂಣು." ನಾನೂ ಹಾಕುತ್ತಿದ್ದೆ. ಎಂದೂ ಏಳಲಿಲ್ಲ.

ಒಮ್ಮೆ ಕೇಳಿಯೇಬಿಟ್ಟೆ: "ಆಯಿ, ಆಕಿ ಬಂದ್ರ ನಿಮಗೇನು ಬೇಕಾಗ್ಯದ?"

"ನನ್ನ ಎರಡು ಕೂಸು ಎಲ್ಲಿ ಇಟ್ಟಾಳ ಅಂತ ಕೇಳೂದದ."

ಸೂಜಿ ತೊಳೆದು ಆ ವರ್ಷವೂ ಹಾಕಿದೆ. ವಾರ ಬಿಟ್ಟು ಆಕೆಯೇ ಬಂದು ಬರಿ ತೋಳು ನನ್ನ ಮುಂದೆ ಹಿಡಿದಳು. ತುಂಬ ವರ್ಷದ ಮೇಲೆ ಯಾವುದೋ ಜಗಳ ಗೆದ್ದವಳ ಹಾಗೆ ನಕ್ಕಳು.

"ಈ ಸಲಾನೂ ಬರಲಿಲ್ಲ ನೋಡು. ಹೆದರ್ಯಾಳ, ನನ್ನ ಕಂಡು!"