ಲಾಂಡ್ರಿಯಣ್ಣ ತೊಳೆದ ಕಲ್ಲು

ಎಲ್ಲ ರಗಳೆಗೂ ಮೂಲ ಒಂದು ಗೋಣಿಚೀಲದ ತುಂಬ ಇದ್ದ ಕಲ್ಲು.

ಕಲ್ಲೆಂದರೆ ಮನೆ ಕಟ್ಟುವ ಕಲ್ಲಲ್ಲ. ಕಡಲ ಮೀನು ಸಾಕುವ ಗಾಜಿನ ತೊಟ್ಟಿಯೊಳಗೆ ಜೋಡಿಸುವ, ಮೈಯೆಲ್ಲ ತೂತಾಗಿರುವ ಹವಳದ ಕಲ್ಲು. ಮೀನು ಸಾಕಿ ಸಾಕಾದ ಯಾರೋ ಗಿರಾಕಿ ತೊಟ್ಟಿ, ಕಲ್ಲು ಎರಡನ್ನೂ ಲಾಂಡ್ರಿಯಣ್ಣನಿಗೆ ಪುಕ್ಕಟೆ ದಾಟಿಸಿದ್ದರು. ತೊಟ್ಟಿ ಮನೆಯ ಹಾಲಿನ ಕಿಟಕಿ ಪಕ್ಕದ ಮೂಲೆಯಲ್ಲಿ ಕೂತಾಗಿತ್ತು. ವರ್ಷಗಟ್ಟಲೆ ಚೀಲದಲ್ಲಿ ಒಣಗಿಕೊಂಡು ಸುಮ್ಮನಿದ್ದ ಕಲ್ಲು ಮಾತ್ರ, ಬಚ್ಚಲಲ್ಲಿ ಒಂದು ಮಗ್ ನೀರು ಬಿದ್ದದ್ದೇ ತಡ, ತನ್ನೊಳಗೆ ಸತ್ತಿದ್ದ ಹುಳ, ಪಾಚಿ, ಚಿಪ್ಪಿಗಳನ್ನೆಲ್ಲ ನೆನೆಸಿಕೊಂಡು ನಾರತೊಡಗಿತು.

ಹೆಂಡತಿ ಮೂಗಿಗೆ ಟವೆಲ್ ಒತ್ತಿಕೊಂಡೇ ತೀರ್ಪು ಕೊಟ್ಟಳು. "ರೀ, ಸಂಜೆ ನಮ್ಮಮ್ಮ ಬರ್ತಿದ್ದಾಳೆ. ಅಷ್ಟರೊಳಗೆ ಈ ನಾತ ಹೋದ್ರೆ ಆ ಮೂಲೆ ನಿಮ್ದು. ಇಲ್ಲಾಂದ್ರೆ ಅಲ್ಲಿ ಅಮ್ಮನ ಹೊಲಿಗೆ ಮಿಷನ್. ಆಮೇಲೆ ಮುಖ ಊದಿಸ್ಕೊಂಡು ಕೂರಬಾರ್ದು."

"ಕಲೆ ತೆಗೆಯೋದನ್ನ ನಂಗೆ ಹೇಳಿಕೊಡ್ತೀಯೇನೇ?" ಎಂದು ಲಾಂಡ್ರಿಯಣ್ಣ ಮೀಸೆ ತಿರುವಿದ. ಬೀದಿಯ ಕೊನೆಯಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಇಟ್ಟವನು ಅವನು. ಎಣ್ಣೆ, ಇಂಕು, ತುಕ್ಕು, ಯಾವ ಕಲೆಯೂ ಅವನೆದುರು ನಿಂತದ್ದಿಲ್ಲ. ಕಡಲನ್ನು ಅವನು ಕಂಡದ್ದು ಒಂದೇ ಸಲ. ಅದೂ ಬಸ್ಸಿನ ಕಿಟಕಿಯಿಂದ, ಮುಂದಿನ ಸೀಟಿನವನ ತಲೆ ಅಡ್ಡ ಬಂದು, ಅರ್ಧ. ಆವತ್ತಿನಿಂದ ಮನೆಯಲ್ಲೊಂದು ತುಂಡು ಕಡಲು ಬೇಕೆಂಬ ಆಸೆ ಅವನನ್ನು ಬಿಟ್ಟಿರಲಿಲ್ಲ, ಪಾಪ.

ಅಂಗಡಿಗೆ ಬೀಗ ಹಾಕಿ, ಕಲ್ಲನ್ನೆಲ್ಲ ತಾರಸಿಗೆ ಹೊತ್ತ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೂತು ತೂತನ್ನೂ ತಿಕ್ಕಿ, ದೊಡ್ಡ ಟಬ್ಬಿನಲ್ಲಿ ಬ್ಲೀಚ್ ನೀರು ಮಾಡಿ ಮುಳುಗಿಸಿದ. ವಾಸನೆಯ ಜಾಡು ಹಿಡಿದು ಮೊದಲು ಬಂದವರು ಅದೇ ಕಟ್ಟಡದ ಎದುರು ಮನೆಯ ನಿವೃತ್ತ ಮೇಷ್ಟ್ರು.

"ಏನಪ್ಪಾ, ಕಲ್ಲಿಗೂ ಇಸ್ತ್ರಿ ಮಾಡ್ತೀಯೇನು?"

"ಬ್ಲೀಚಲ್ಲಿ ನೆನೆಸಿದ್ದೀನಿ ಮೇಷ್ಟ್ರೇ. ಒಳಗಿನ ಕೊಳೆಯೆಲ್ಲ ಕರಗಿಹೋಗುತ್ತೆ."

"ಬ್ಲೀಚ್ ಸಾಲ್ದು. ಇದು ಸುಣ್ಣದ ಜಾತಿ ಕಲ್ಲು, ವಿನಿಗರ್ ಬಿದ್ರೆ ಬುರುಬುರು ನೊರೆ ಬಂದು ಕೊಳೆ ಕಿತ್ಕೊಂಡು ಬರುತ್ತೆ. ಜೀವಮಾನವೆಲ್ಲ ವಿಜ್ಞಾನ ಹೇಳ್ಕೊಟ್ಟೋನು ನಾನು!" ಎಂದವರೇ ಮನೆಯಿಂದ ಬಾಟ್ಲಿ ತಂದು ಮುಚ್ಚಳ ತಿರುಗಿಸಿದರು.

ಬ್ಲೀಚಿಗೆ ವಿನಿಗರ್ ಬೆರೆತರೆ ಏಳುವುದು ನೊರೆಯಲ್ಲ, ವಿಷದ ಹೊಗೆ. ಅವರ ಪಾಠ ಕೇಳಿದ ಮಕ್ಕಳು ಹೇಗೆ ಬದುಕಿ ಉಳಿದರೋ ದೇವರೇ ಬಲ್ಲ. "ಅಯ್ಯೋ, ಬೇಡಿ ಮೇಷ್ಟ್ರೇ!" ಎಂದು ಲಾಂಡ್ರಿಯಣ್ಣ ಹಾರಿ ಬಾಟ್ಲಿ ಕಿತ್ತುಕೊಂಡ. ವಿನಿಗರ್ ಟಬ್ಬಿಗೆ ಬೀಳಲಿಲ್ಲ, ಅವನ ತಲೆ ಮೇಲೆ ಬಿತ್ತು. ಅವನ ಕಾಲು ಟಬ್ಬಿಗೆ ತಾಗಿತು. ಬ್ಲೀಚ್ ನೀರು ಪಕ್ಕದ ತಂತಿಯಲ್ಲಿ ಒಣಗುತ್ತಿದ್ದ ಕೆಳಮನೆ ಇನ್ಶೂರೆನ್ಸ್ ಏಜೆಂಟರ ಕರಿ ಪ್ಯಾಂಟಿಗೆ ಸಿಡಿಯಿತು. ಇಷ್ಟು ವರ್ಷ ಊರಿನವರ ಕಲೆ ತೆಗೆದವನು ಮೊದಲ ಸಲ ತಾನೇ ಕಲೆ ಹಾಕಿದ್ದ.

ಕೂಗಾಟ ಕೇಳಿ ಏಜೆಂಟರು ಮೇಲೆ ಬಂದು ಪ್ಯಾಂಟು ನೋಡಿ ಹೌಹಾರಿದರು.

"ಬಣ್ಣ ಹಾಕ್ಸಿ ಹೊಸದರ ಹಾಗೆ ಮಾಡಿಕೊಡ್ತೀನಿ ಸಾರ್, ಬಯ್ಯಬೇಡಿ."

ಏಜೆಂಟರು ತಣ್ಣಗಾದರು. ತಣ್ಣಗಾದದ್ದೇ ತಪ್ಪಾಯಿತು, ಸಹಾಯಕ್ಕೆ ನಿಂತರು. ಸೇತುವೆಯ ಕಮಾನಿನ ಹಾಗಿದ್ದ ಕಲ್ಲೊಂದನ್ನು ಎತ್ತಿ, "ನೆಲಕ್ಕೆ ಕುಟ್ಟಿದ್ರೆ ಒಳಗಿನ ಕೊಳೆ ಉದುರುತ್ತೆ, ನೋಡಿ," ಎಂದು ಕುಟ್ಟಿದರು. ಕೊಳೆ ಉದುರಲಿಲ್ಲ, ಕಮಾನು ಮುರಿಯಿತು. ಅದರ ಕೆಳಗೆ ಮೀನು ನುಸುಳಿ ಹೋಗುವುದನ್ನು ಲಾಂಡ್ರಿಯಣ್ಣ ಬೆಳಗಿನಿಂದ ಮನಸ್ಸಲ್ಲೇ ನೋಡುತ್ತಿದ್ದ. ಅವನ ಕಣ್ಣು ತುಂಬಿತು.

"ಯಾಕ್ರೀ ಬೇಜಾರು? ಒಂದಿದ್ದದ್ದು ಎರಡಾಯ್ತಲ್ಲ!" ಎಂದರು ಏಜೆಂಟರು.

ಇಬ್ಬರನ್ನೂ ಕೈಮುಗಿದು ಕೆಳಗೆ ಕಳಿಸಿದ. ಬಟ್ಟೆಯಿಂದ ಬ್ಲೀಚ್ ಬಿಡಿಸುವ ಹೈಪೋ ಪುಡಿಯನ್ನು ಅಂಗಡಿಯಿಂದ ತಂದು, ಅದರ ನೀರಲ್ಲಿ ಕಲ್ಲನ್ನು ಜಾಲಾಡಿದ. ಇಡೀ ಕಟ್ಟಡದ ನೀರು ಖಾಲಿಯಾಗುವ ತನಕ ಜಾಲಾಡಿದ. ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದ ಮೇಷ್ಟ್ರು ಬಚ್ಚಲಿಂದಲೇ ಏನೇನೋ ಅಂದರು. ಆ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸಂಜೆಯ ಹೊತ್ತಿಗೆ ಕಲ್ಲು ಹೊಸ ಹಲ್ಲುಸೆಟ್ಟಿನ ಹಾಗೆ ಬೆಳ್ಳಗಾಗಿತ್ತು. ಹೆಂಡತಿ ಒಂದೊಂದನ್ನೂ ಮೂಸಿದಳು. ನಾತ ಇರಲಿಲ್ಲ. ಉಪ್ಪುನೀರು ತುಂಬಿದ ತೊಟ್ಟಿಯಲ್ಲಿ ಕಲ್ಲುಗಳು ಕೂತವು, ಪಂಪು ಗುಳುಗುಳು ಎಂದಿತು. ಅಷ್ಟರಲ್ಲಿ ಬಂದ ಅತ್ತೆಯೂ, "ಭಾಳ ಚೆನ್ನಾಗಿದೆ ಅಳಿಯಂದ್ರೇ," ಎಂದುಬಿಟ್ಟರು.

"ಆಯ್ತು, ಮೂಲೆ ನಿಮ್ದೇ," ಎಂದಳು ಹೆಂಡತಿ. ಲಾಂಡ್ರಿಯಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಸಾಕುವ ಮೀನು ಮಾರುವ ಮೀನಂಗಡಿಯವನು, ಲಾಂಡ್ರಿಯಣ್ಣ ಹೇಳಿಟ್ಟಿದ್ದ ಜೋಡಿ ಮೀನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಬಂದ. ತೊಟ್ಟಿ ನೋಡಿದವನೇ ಕವರನ್ನು ಹಿಂದಕ್ಕೆ ಎಳೆದುಕೊಂಡ.

"ಕಲ್ಲಿಗೆ ಬ್ಲೀಚ್ ಹಾಕಿದ್ರಾ ಅಣ್ಣಾ?"

"ಹಾಕ್ದೆ ಬಿಡ್ತೀನಾ? ಒಂದು ಕ್ರಿಮಿ ಉಳಿದಿದ್ರೆ ಕೇಳು!"

"ಅದೇ ತಪ್ಪಾಗಿದ್ದು. ಮೀನಿನ ಹೊಲಸು ತಿಂದು ನೀರು ಚೊಕ್ಕ ಇಡೋ ಕ್ರಿಮಿ ಈ ಕಲ್ಲಲ್ಲೇ ಇರ್ಬೇಕು. ಈಗ ಬಿಟ್ರೆ ಮೀನು ಸತ್ತೇಹೋಗ್ತವೆ."

"ಮತ್ತೆ ಏನಪ್ಪಾ ಮಾಡೋದು?"

"ಸುಲಭ. ಒಂದು ಹಸಿ ಸಿಗಡಿ ಹಾಕಿ, ಕೊಳೆಯೋಕೆ ಬಿಡಿ. ಕೊಳೆತ ಹಾಗೆ ಕ್ರಿಮಿ ಹುಟ್ಟುತ್ತೆ. ಒಂದು ತಿಂಗಳು ಸ್ವಲ್ಪ ನಾತ ಬರುತ್ತೆ, ಅಷ್ಟೇ. ಬಂದಷ್ಟೂ ಒಳ್ಳೇದು."

ಹೆಂಡತಿ ಅಮ್ಮನ ಮುಖ ನೋಡಿದಳು. ಅತ್ತೆ ಎದ್ದು ಹೋಗಿ, ಗೇಣು ಹಾಕಿ ಮೂಲೆಯನ್ನು ಅಳೆಯತೊಡಗಿದರು.

ಕತ್ತಲಾಗುವ ಮುಂಚೆ ತೊಟ್ಟಿ ತಾರಸಿಯ ಶೀಟಿನ ಕೆಳಗೆ ಸೇರಿತ್ತು. ಹೊರಲು ಮೇಷ್ಟ್ರೂ ಏಜೆಂಟರೂ ಹೆಗಲು ಕೊಟ್ಟರು, ಕೊಳೆಸುವುದು ಹೇಗೆಂದು ಬುದ್ಧಿಯನ್ನೂ ಕೊಟ್ಟರು. ಮೀನಂಗಡಿಯವನು ಜೋಡಿ ಮೀನನ್ನು ಬೇರೆಯವರಿಗೆ ಮಾರುವುದಿಲ್ಲವೆಂದು ಮಾತು ಕೊಟ್ಟು ಹೋದ. ಆ ಒಂದು ಮಾತಿಗೆ ಲಾಂಡ್ರಿಯಣ್ಣನ ದಣಿವೆಲ್ಲ ಇಳಿಯಿತು. ತಿಂಗಳು ಎಂದರೆ ಎಷ್ಟು, ಹೀಗೆ ಬಂದು ಹಾಗೆ ಹೋಗುತ್ತೆ.

ಅವನು ಸಿಗಡಿಯನ್ನು ಮೆಲ್ಲಗೆ ನೀರಿಗೆ ಬಿಟ್ಟು, ಕುರ್ಚಿ ಎಳೆದುಕೊಂಡು ಕೂತು, ಅದು ಬಿಳಿ ಕಲ್ಲಿನ ಸಂದಿಗೆ ಇಳಿಯುವುದನ್ನು ಕಣ್ತುಂಬ ನೋಡಿದ. ಅಂತೂ ಅವನ ಕಡಲಿಗೆ ಕಡಲಿನದೇ ಒಂದು ಜೀವಿ ಬಂದಿತ್ತು. ಸತ್ತಿತ್ತು, ಅಷ್ಟೇ.