ಟಿಕ್ ಟಿಕ್ ಅನ್ನೋ ಡಿಸ್ಕು, ಮರೆತ ಪಾಸ್‌ವರ್ಡು

ಹಾರ್ಡ್ ಡಿಸ್ಕು ಕೆಟ್ಟವರು ನೇರವಾಗಿ ನನ್ನ ಹತ್ತಿರ ಬರುವುದಿಲ್ಲ. ತಮಗೆ ಗೊತ್ತಿದ್ದ ವೈದ್ಯವನ್ನೆಲ್ಲ ಮನೆಯಲ್ಲೇ ಮಾಡಿ ಮುಗಿಸಿ, ಇನ್ನು ಆಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ಬರುತ್ತಾರೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ದಾವಣಗೆರೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ನಡೆಸುವ ನನಗೆ ಇಂಥವು ತಪ್ಪಿದ್ದಲ್ಲ. ಹೇಳಿದರೆ ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಹೆಚ್ಚಿನವುಗಳಲ್ಲಿ ತಪ್ಪು ನನ್ನದೇ ಇತ್ತು ಅನ್ನುವ ಭಾಗವನ್ನು ಮಾತ್ರ ನುಂಗಿಕೊಳ್ಳುತ್ತಿದ್ದೆ. ಇವತ್ತು ಅದನ್ನೂ ಸೇರಿಸಿ ಹೇಳಿಬಿಡುತ್ತೇನೆ.

ಒಣ ಜಾಗ

ಹರಿಹರದಲ್ಲಿ ಬಾಗಿಲು, ಮಂಚ ಮಾಡುವ ಬಡಗಿಯೊಬ್ಬರಿದ್ದಾರೆ. ನನ್ನನ್ನು ಆಪಾ, ಅಂದರೆ ಅಕ್ಕ, ಅಂತಲೇ ಕರೆಯುವುದು. ವರ್ಷಗಟ್ಟಲೆ ತಾವೇ ಬಿಡಿಸಿದ ಬಾಗಿಲಿನ ನಕ್ಷೆಗಳೆಲ್ಲ ಅವರ ಲ್ಯಾಪ್‌ಟಾಪಿನಲ್ಲಿದ್ದವು. ಒಂದು ದಿನ ಫೋನ್ ಮಾಡಿ, ಡಿಸ್ಕು ಟಿಕ್ ಟಿಕ್ ಅನ್ನುತ್ತಿದೆ, ಏನು ಮಾಡಲಿ ಎಂದರು. ನಾನು ಮದುವೆಯೊಂದಕ್ಕೆ ಹೊರಟಿದ್ದೆ. ಆನ್ ಮಾಡಬೇಡಿ, ಡಿಸ್ಕನ್ನು ಬಿಚ್ಚಿ ತೆಗೆದು ಒಣ ಜಾಗದಲ್ಲಿಡಿ, ನಾಲ್ಕು ದಿನ ಬಿಟ್ಟು ತನ್ನಿ ಅಂತ ಅವಸರದಲ್ಲಿ ಹೇಳಿದೆ.

ಐದನೆಯ ದಿನ ತಂದರು. ಟೇಬಲ್ ಮೇಲೆ ಇಟ್ಟ ಕೂಡಲೇ ಡಿಸ್ಕಿನೊಳಗಿಂದ ನಾಲ್ಕು ಅಕ್ಕಿ ಕಾಳು ಉದುರಿದವು. ನೀರಿಗೆ ಬಿದ್ದ ಫೋನನ್ನು ಜನ ಅಕ್ಕಿಯಲ್ಲಿ ಹೂತಿಡುತ್ತಾರಲ್ಲ, ಇದೂ ನೀರಿಗೆ ಬಿದ್ದಿತ್ತೇನೋ ಅಂತ ಕೇಳಿದೆ. ಬಿದ್ದಿರಲಿಲ್ಲ. ಒಳಗೂ ಚೆನ್ನಾಗಿ ಒಣಗಲಿ ಅಂತ ಮುಚ್ಚಳದ ಸ್ಕ್ರೂಗಳನ್ನೂ ತೆಗೆದಿದ್ದರು. ಡಿಸ್ಕಿನೊಳಗೆ ಒಂದು ಧೂಳಿನ ಕಣ ಹೋದರೂ ಕೆಲಸ ಕೆಟ್ಟಂತೆ. ಇಲ್ಲಿ ಸೋನಾಮಸೂರಿಯೇ ಹೋಗಿತ್ತು. ಒಂದು ನಕ್ಷೆಯೂ ವಾಪಸ್ ಬರಲಿಲ್ಲ.

ಯಾಕೆ ಹೀಗೆ ಮಾಡಿದಿರಿ ಅಂದದ್ದಕ್ಕೆ ಅವರು ಸಿಟ್ಟಿಲ್ಲದೆ ಹೇಳಿದರು: "ಒಣ ಜಾಗದಾಗ ಇಡ್ರಿ ಅಂತ ನೀವೇ ಹೇಳಿದ್ರಲ್ಲ ಆಪಾ. ನಮ್ಮನ್ಯಾಗ ಅಕ್ಕಿ ಡಬ್ಬಿಗಿಂತ ಒಣ ಜಾಗ ಯಾವುದೈತೆ?"

ಬೀಗದ ಕೈ

ದಾವಣಗೆರೆಯ ವಕೀಲರೊಬ್ಬರು ಕಕ್ಷಿದಾರರ ಗುಟ್ಟು ಹೊರಗೆ ಹೋಗಬಾರದು ಅಂತ ಇಡೀ ಡಿಸ್ಕಿಗೆ ಸಾಫ್ಟ್‌ವೇರಿನ ಬೀಗ ಹಾಕಿಸಿದ್ದರು. ಹಾಗೆ ಹಾಕಿದಾಗ ನಲವತ್ತೆಂಟು ಅಂಕಿಯ ಒಂದು ಸಂಖ್ಯೆ ಸಿಗುತ್ತದೆ. ಡಿಸ್ಕಿಗೆ ಕಾಯಿಲೆ ಬಂದ ದಿನ ಲ್ಯಾಪ್‌ಟಾಪು ಆ ಸಂಖ್ಯೆಯನ್ನು ಕೇಳುತ್ತದೆ. ಕೊಡದಿದ್ದರೆ ಒಳಗಿನದನ್ನು ಬ್ರಹ್ಮ ಬಂದರೂ ಓದಲಾರ.

ಸಂಖ್ಯೆ ಎಲ್ಲಿದೆ ಅಂತ ಕೇಳಿದೆ. ಭದ್ರವಾಗಿದೆ ಎಂದರು. ಎಲ್ಲಿ ಅಂದರೆ, ಇದೇ ಲ್ಯಾಪ್‌ಟಾಪಿನೊಳಗೆ ಒಂದು ಫೈಲಿನಲ್ಲಿ. ಇನ್ನೊಂದು ಪ್ರತಿ ಇಟ್ಟಿಲ್ಲವೇ ಅಂದರೆ, ಇಟ್ಟಿದ್ದೇನೆ, ಇದೇ ಡಿಸ್ಕಿನ ಡಿ ಡ್ರೈವಿನಲ್ಲಿ ಎಂದರು.

ಅವರ ಜೊತೆ ಇಬ್ಬರು ಕಕ್ಷಿದಾರರೂ ಬಂದಿದ್ದರು. ಅವರೆದುರಿಗೇ ನಾನು ಜೋರಾಗಿ ನಕ್ಕುಬಿಟ್ಟೆ. ವಕೀಲರು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರು. ಎಷ್ಟೋ ಸಲ ಆ ಸಂಖ್ಯೆ ನಮ್ಮ ಆನ್‌ಲೈನ್ ಖಾತೆಯಲ್ಲಿ ತಾನಾಗಿಯೇ ಉಳಿದಿರುತ್ತದೆ ಅನ್ನುವುದು ನನಗೆ ನೆನಪಾದದ್ದು ಎರಡು ದಿನ ಬಿಟ್ಟು. ನಗುವ ಬದಲು ಅದನ್ನು ಮೊದಲು ಹೇಳಬೇಕಿತ್ತು. ಫೋನ್ ಮಾಡಿ ಕ್ಷಮೆ ಕೇಳಿ, ಖಾತೆ ತೆಗೆದು ನೋಡಲು ಹೇಳಿದೆ. ನೋಡಿದರು, ಇತ್ತು. ನಲವತ್ತೆಂಟೂ ಅಂಕಿಯನ್ನು ಓದಿ ಹೇಳಿದರು. ಡಿಸ್ಕು ತಗೊಂಡು ಈಗಲೇ ಬನ್ನಿ ಎಂದೆ.

ಅವರು, "ಕಕ್ಷಿದಾರರ ಗುಟ್ಟು ನೋಡ್ರಿ, ನಿನ್ನೆ ಡಿಸ್ಕನ್ನ ಸುತ್ತಿಗೆಯಿಂದ ಕುಟ್ಟಿಸಿ ಗುಜರಿಗೆ ಹಾಕಿಬಿಟ್ಟೆ. ಈಗ ಬೀಗದ ಕೈ ಐತೆ ಮೇಡಂ, ಮನಿ ಇಲ್ಲ" ಎಂದರು.

ಶುಕ್ರವಾರದ ಕುಂಕುಮ

ಆನಗೋಡಿನ ಶಿಕ್ಷಕಿಯೊಬ್ಬರು ಅಂಥದ್ದೇ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಜೋಪಾನ ಅಂತ ಅತ್ತೆಯ ಕೈಗೆ ಕೊಟ್ಟಿದ್ದರು. ಅತ್ತೆ ಅದನ್ನು ದೇವರ ಜಗಲಿಯ ಮೇಲಿಟ್ಟು ಪ್ರತಿ ಶುಕ್ರವಾರ ಕುಂಕುಮ ಹಚ್ಚಿದ್ದರು. ಚೀಟಿ ನನ್ನ ಕೈಗೆ ಬರುವಷ್ಟರಲ್ಲಿ ಐದು ಅಂಕಿ ಮುಚ್ಚಿಹೋಗಿದ್ದವು. ಆ ಸಂಖ್ಯೆಯಲ್ಲಿ ಆರಾರು ಅಂಕಿಯ ಒಂದೊಂದು ಗುಂಪೂ ಹನ್ನೊಂದರಿಂದ ಸರಿಯಾಗಿ ಭಾಗವಾಗಬೇಕು. ಇಡೀ ದಿನ ಕೂತು ಭಾಗಿಸಿ ಭಾಗಿಸಿ ಆ ಐದನ್ನೂ ಹಿಡಿದೆ. ಪಾಠದ ಟಿಪ್ಪಣಿ, ಮಕ್ಕಳ ಅಂಕಪಟ್ಟಿ ಎಲ್ಲ ಸಿಕ್ಕವು.

ಕುಂಕುಮ ಹಚ್ಚಿದ್ದಕ್ಕೇ ಬೀಗ ತೆಗೆಯಿತು ಅಂತ ಸೊಸೆಯ ಜೊತೆ ಬಂದಿದ್ದ ಅತ್ತೆ ತೀರ್ಮಾನ ಕೊಟ್ಟರು. ನನ್ನ ಲೆಕ್ಕದ ಮಾತು ಎತ್ತಲು ಬಾಯಿ ಬರಲಿಲ್ಲ. ಎತ್ತಬೇಕಿತ್ತು. ಯಾಕೆಂದರೆ ಎಲ್ಲವನ್ನೂ ತುಂಬಿಸಿ ನಾನು ಕೊಟ್ಟ ಹೊಸ ಡಿಸ್ಕಿಗೂ ಆಕೆ ಅಲ್ಲೇ ಕುಂಕುಮ ಹಚ್ಚಿದರು, ಸರಿಯಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪಿನ್ನುಗಳ ಮೇಲೆ.

ದಿನಾ ಕೇಳುವ ಪ್ರಶ್ನೆ

ಎಲ್ಲಕ್ಕಿಂತ ಹೆಚ್ಚು ನಗಿಸಿದ್ದು ಇದು, ಈಗಲೂ ಕಾಡುವುದೂ ಇದೇ.

ಗುತ್ತೂರಿನಿಂದ ಒಬ್ಬ ಅಮ್ಮ, ತೀರಿಕೊಂಡ ಯಜಮಾನರ ಲ್ಯಾಪ್‌ಟಾಪ್ ತಂದರು. ಅವರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ನುಡಿಸಿದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, ಯಾರೂ ಅಳಿಸಬಾರದೆಂದು ಪಾಸ್‌ವರ್ಡ್ ಹಾಕಿಟ್ಟಿದ್ದರು. ಅದನ್ನು ಇನ್ನೊಮ್ಮೆ ಕೇಳಬೇಕು, ಅಷ್ಟೇ ಆಕೆಯ ಆಸೆ.

ಡಿಸ್ಕು ಆಗಲೇ ಟಿಕ್ ಟಿಕ್ ಅನ್ನುತ್ತಿತ್ತು. ಪಾಸ್‌ವರ್ಡ್ ಕೇಳುವ ಜಾಗದ ಕೆಳಗೆ ಅವರೇ ಬರೆದಿಟ್ಟ ಸುಳಿವು ಕಾಣಿಸಿತು: "ಮನೆಯಾಕೆ ದಿನಾ ಕೇಳೋದು." ನೀವು ದಿನಾ ಏನು ಕೇಳುತ್ತಿದ್ದಿರಿ ಅಂತ ಅಮ್ಮನನ್ನೇ ಕೇಳಿದೆ. ಮಾತ್ರೆ ತಗಂಡ್ರಾ ಅಂತ ಕೇಳುತ್ತಿದ್ದೆ ಎಂದರು. ಹಾಕಿದೆ, ಆಗಲಿಲ್ಲ. ಎಲ್ಲಿಗೆ ಹೊಂಟ್ರಿ ಅಂತ ಹಾಕಿದೆ, ಆಗಲಿಲ್ಲ. ಏನ್ ಸಾರು ಮಾಡ್ಲಿ ಅಂತಲೂ ಹಾಕಿದ್ದಾಯಿತು. ಹೀಗೇ ಒಂದು ತಾಸು ಹೋಯಿತು. ಕೊನೆಗೆ ಆಕೆ ಬೇಸತ್ತು, ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತರೆ ಅವರು ಏಳುತ್ತಲೇ ಇರಲಿಲ್ಲ, ಅಡುಗೆಮನೆಯಿಂದ ಸಾಕಾಯ್ತಾ, ಸಾಕಾಯ್ತಾ ಅಂತ ಕೇಳಿ ಕೇಳಿ ನನ್ನ ಗಂಟಲೇ ಹೋಗಿತ್ತು ಎಂದರು. "ಸಾಕಾಯ್ತಾ" ಅಂತ ಟೈಪ್ ಮಾಡಿದೆ. ತೆರೆಯಿತು.

ಆಕೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನಾನು ನಕಲು ತೆಗೆಯಲು ಶುರು ಮಾಡಿದೆ. ಮೊದಲ ಫೈಲು ಪೂರ್ತಿ ಬಂತು. ಎರಡನೆಯದು ಅರ್ಧಕ್ಕೆ ನಿಂತಿತು, ಜೊತೆಗೆ ಡಿಸ್ಕಿನ ಸದ್ದೂ ನಿಂತಿತು. ಮತ್ತೆ ತಿರುಗಲಿಲ್ಲ.

ಸಾಯುತ್ತಿರುವ ಡಿಸ್ಕನ್ನು ಮೊದಲು ಬೀಗದ ಸಮೇತ ಇದ್ದ ಹಾಗೇ ನಕಲು ಮಾಡಿಕೊಂಡು, ಪಾಸ್‌ವರ್ಡ್ ಹುಡುಕಾಟವನ್ನು ಆ ನಕಲಿನ ಮೇಲೆ ಮಾಡಬೇಕು. ಈ ಕೆಲಸ ಕಲಿತವರಿಗೆಲ್ಲ ಗೊತ್ತಿರುವ ಮಾತು, ನನಗೂ ಗೊತ್ತಿತ್ತು. ಸುಳಿವು ಕಂಡ ಹುರುಪಿನಲ್ಲಿ ಮರೆತೆ. ಡಿಸ್ಕಿಗಿದ್ದ ಕೊನೆಯ ಒಂದು ತಾಸನ್ನು ನಾನು ಮಾತ್ರೆ, ಸಾರು ಅಂತ ಟೈಪ್ ಮಾಡುವುದರಲ್ಲಿ ಕಳೆದಿದ್ದೆ. ತಪ್ಪು ನನ್ನದು ಅಂತ ಆಕೆಗೆ ಹೇಳಿದೆ. ಆಕೆ, ಬಂದಿದ್ದನ್ನು ಕೇಳಿಸು ಎಂದರು.

ಹಾಕಿದೆ. ಹಾರ್ಮೋನಿಯಂ ಎರಡು ಸ್ವರ ನುಡಿಯಿತು, ಅಷ್ಟರಲ್ಲಿ ಒಳಗಿಂದ ಆಕೆಯದೇ ದನಿ, ಗ್ಯಾಸ್ ಮುಗಿದಿದೆ ಅಂತ. ಮೂರು ಸಲ ಕರೆದ ಮೇಲೆ ಯಜಮಾನರು "ಬಂದೆ ಮಾರಾಯ್ತಿ" ಅಂದು ಎದ್ದುಹೋದರು. ರೆಕಾರ್ಡಿಂಗ್ ಆಫ್ ಮಾಡುವುದನ್ನು ಮರೆತಿದ್ದರು. ಆಮೇಲೆ ಉದ್ದಕ್ಕೂ ಸಿಲಿಂಡರ್ ಉರುಳಿಸುವ ಸದ್ದು, ರೆಗ್ಯುಲೇಟರ್ ಕೂರುತ್ತಿಲ್ಲ ಅಂತ ಅವರ ಗೊಣಗಾಟ, ಅದಕ್ಕೆ ಆಕೆಯ ಬೈಗುಳ. ಹಾರ್ಮೋನಿಯಂ ಮತ್ತೆ ಬರಲೇ ಇಲ್ಲ.

ಆಕೆ ಕಣ್ಣೊರೆಸಿಕೊಳ್ಳುತ್ತಾ ಕೊನೆಯ ತನಕ ಕೇಳಿದರು. ನಿಮ್ಮ ಬೈಗುಳ ತೆಗೆದು ಅವರ ದನಿ ಮಾತ್ರ ಉಳಿಸಿಕೊಡುತ್ತೇನೆ, ಅಷ್ಟಾದರೂ ಮಾಡುತ್ತೇನೆ ಎಂದೆ.

ಆಕೆ ಬೇಡವೆಂದು ತಲೆಯಾಡಿಸಿದರು.

"ಬ್ಯಾಡ ಬಿಡವ್ವ. ಬೈಸಿಕೊಳ್ಳದೆ ಅವರು ಎದ್ದುಹೋಗಿ ಸಿಲಿಂಡರ್ ಹಾಕಿದ್ರು ಅಂದ್ರೆ ನಮ್ಮನ್ಯಾಗ ಯಾರೂ ನಂಬಂಗಿಲ್ಲ. ಇದು ಅವರ ದನಿನೇ ಅಲ್ಲ ಅಂತಾರೆ."